ಮೀನು ಕೊನೆಗೆ: ಶಾಲೆಯಲ್ಲಿ ಕಡಿಮೆ ಖರ್ಚಿನ ಸಸ್ಯ ಅಕ್ವೇರಿಯಂ

ಹತ್ತನೇ ತರಗತಿ ವಿಜ್ಞಾನದ ‘ನಮ್ಮ ಪರಿಸರ’ ಅಧ್ಯಾಯದಲ್ಲಿ ಅಕ್ವೇರಿಯಂ ರಚಿಸುವ ಒಂದು ಚಟುವಟಿಕೆ ಇದೆ. ಅದರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಕೆರೆಯನ್ನು ಯಾರೂ ತೊಳೆಯುವುದಿಲ್ಲ, ಹಾಗಿರುವಾಗ ಅಕ್ವೇರಿಯಂ ಅನ್ನು ಮಾತ್ರ ಆಗಾಗ ಸ್ವಚ್ಛ ಮಾಡಬೇಕಾಗುವುದು ಏಕೆ? ನಾನು ವೀಕ್ಷಿಸಿದ ಪಾಠಗಳಲ್ಲಿ ಈ ಚಟುವಟಿಕೆ ಕಪ್ಪುಹಲಗೆಯ ಮೇಲೆ ಒಂದು ಚೌಕ, ಅದರೊಳಗೆ ಎರಡು ಮೀನು, ಮೂರು ಎಲೆ ಬರೆಯುವುದರಲ್ಲಿ ಮುಗಿಯುತ್ತಿತ್ತು. ಪ್ರಶ್ನೆಗೆ ‘ಅದು ಕೃತಕ ಪರಿಸರ ವ್ಯವಸ್ಥೆ’ ಎಂದು ಒಂದು ಸಾಲು ಬರೆಸಿದರೆ ಆಯಿತು. ಉತ್ತರ ತಪ್ಪಲ್ಲ. ಆದರೆ ಕೃತಕವಾದದ್ದರಲ್ಲಿ ಏನು ಕಡಿಮೆಯಾಗಿದೆ, ಯಾವುದು ಬಂದರೆ ಅದು ಕೆರೆಯ ಹಾಗೆ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬುದು ಮಕ್ಕಳಿಗೆ ತಿಳಿಯದೆ ಉಳಿಯುತ್ತದೆ.

ಬಿ.ಇಡಿ. ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್‌ನಲ್ಲಿ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಚಟುವಟಿಕೆಯನ್ನು ನಿಜವಾಗಿ ಮಾಡಲು ನನಗೆ ಅವಕಾಶ ಸಿಕ್ಕಿತು. ಹಾಕಿಕೊಂಡಿದ್ದ ಮಿತಿ 2,000 ರೂಪಾಯಿ, ಖರ್ಚಾದದ್ದು 1,820. ಹೇಗೆ ಮಾಡುವುದು, ಯಾವ ಹಂತದಲ್ಲಿ ಯಾವ ಪಾಠ ಸಿಗುತ್ತದೆ ಎಂಬುದನ್ನು ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಎಲ್ಲರೂ ಮೊದಲು ತರುವುದು ಮೀನು. ಶಾಲೆಯ ಅಕ್ವೇರಿಯಂಗೆ ಮೀನು ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ, ಅದೂ ಐದಾರು ವಾರ ಕಾದ ಮೇಲೆ.

ತೊಟ್ಟಿ ಮತ್ತು ಅದರ ಹಿಂದಿನ ಕಥೆ

ಶಾಲೆಯ ದಾಸ್ತಾನು ಕೋಣೆಯಲ್ಲಿ ಹಳೆಯ ಗಾಜಿನ ತೊಟ್ಟಿಯೊಂದಿತ್ತು. ಉದ್ದ 45, ಅಗಲ 30, ಎತ್ತರ 30 ಸೆಂ.ಮೀ., ಗಾಜಿನ ದಪ್ಪ 5 ಮಿ.ಮೀ. ಸೀಮೆಸುಣ್ಣದ ಪೆಟ್ಟಿಗೆಗಳನ್ನು ಅದರಲ್ಲಿ ಜೋಡಿಸಿಟ್ಟಿದ್ದರು. ಮಕ್ಕಳನ್ನು ಕೇಳಿದಾಗ, “ಮೇಡಂ, ಅದ್ರಲ್ಲಿ ಮೀನು ಬಿಟ್ಟಿದ್ರು. ಒಂದ್ ವಾರಕ್ಕೇ ಎಲ್ಲಾ ಸತ್ತೋದ್ವು. ಇನ್ನೊಂದ್ ಸಲ ತಂದ್ರು, ಅವೂ ಸತ್ತೋದ್ವು” ಎಂದರು. ವಿವರ ವಿಚಾರಿಸಿದೆ. ಹೊಸ ನೀರು ತುಂಬಿದ ದಿನವೇ ಹತ್ತು ಮೀನು ಬಿಟ್ಟಿದ್ದಾರೆ. ನೀರು ಸ್ವಲ್ಪ ಮಬ್ಬಾದಾಗಲೆಲ್ಲ ಎಲ್ಲವನ್ನೂ ಹೊರಗೆ ತೆಗೆದು, ಜಲ್ಲಿಯನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದು, ಮತ್ತೆ ಹೊಸ ನೀರು ತುಂಬಿದ್ದಾರೆ. ಯಾರೂ ಉಪೇಕ್ಷೆ ಮಾಡಿಲ್ಲ. ಶ್ರದ್ಧೆಯಿಂದ ತೊಳೆದದ್ದೇ ಮೀನುಗಳಿಗೆ ಮುಳುವಾಗಿದೆ. ಏಕೆ ಎಂಬುದು ಮುಂದೆ ಬರುತ್ತದೆ.

ತೊಟ್ಟಿಯ ಒಂದು ಮೂಲೆ ಸೋರುತ್ತಿತ್ತು. ಹಳೆಯ ಅಂಟನ್ನು ಬ್ಲೇಡಿನಿಂದ ಪೂರ್ತಿ ಕೆರೆದು ಹೊಸ ಸಿಲಿಕೋನ್ ಹಾಕಿದೆ. ಅಂಗಡಿಯಲ್ಲಿ ಕೇಳುವಾಗ ಬೂಸ್ಟು ತಡೆಯುವ ರಾಸಾಯನಿಕ ಬೆರೆಸಿದ, ಬಾತ್‌ರೂಮಿಗೆ ಬಳಸುವ ಸಿಲಿಕೋನ್ ಬೇಡವೆಂದು ಹೇಳಬೇಕು. ಅದು ಮೀನಿಗೂ ವಿಷ. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಕನಿಷ್ಠ ಎರಡು ದಿನ ಒಣಗಲು ಬಿಟ್ಟು, ಇನ್ನೊಂದು ದಿನ ಹೊರಗಡೆ ನೀರು ತುಂಬಿ ಪರೀಕ್ಷಿಸಿದೆ. ಹಳೆಯ ತೊಟ್ಟಿ ಇಲ್ಲದವರು ಗಾಜಿನ ಅಂಗಡಿಯಲ್ಲಿ ಐದು ತುಂಡು ಕತ್ತರಿಸಿಕೊಂಡು ಅಂಟಿಸಬಹುದು.

ಎಲ್ಲಿಡಬೇಕು ಎಂಬುದು ಒಂದು ಒಳ್ಳೆಯ ಲೆಕ್ಕ. ಮಕ್ಕಳಿಗೇ ಕೊಟ್ಟೆ. ನೀರು ಸುಮಾರು 30 ಲೀಟರ್, ಅಂದರೆ 30 ಕೆ.ಜಿ. ಮಣ್ಣು, ಜಲ್ಲಿ ಸುಮಾರು 13 ಕೆ.ಜಿ. ಗಾಜಿನ ಸಾಂದ್ರತೆ ಘನ ಸೆಂ.ಮೀ.ಗೆ 2.5 ಗ್ರಾಂ ಎಂದು ಹಿಡಿದರೆ ಐದು ಗಾಜುಗಳ ತೂಕ 7 ಕೆ.ಜಿ.ಗೆ ಸ್ವಲ್ಪ ಹೆಚ್ಚು. ಒಟ್ಟು 50 ಕೆ.ಜಿ. ಅಲುಗಾಡುವ ಡೆಸ್ಕ್ ಆಗದು ಎಂದು ಅವರೇ ನಿರ್ಧರಿಸಿ, ಪ್ರಯೋಗಾಲಯದ ಕಲ್ಲಿನ ಕಟ್ಟೆಯನ್ನು ಆರಿಸಿದರು. ಕೆಳಗೆ ಥರ್ಮಾಕೋಲ್ ಹಾಳೆ ಹಾಕಿದೆವು. ಕಟ್ಟೆಯಲ್ಲಿ ಸಣ್ಣ ಕಲ್ಲೊಂದಿದ್ದರೂ ಗಾಜು ಒಂದೇ ಬಿಂದುವಿನಲ್ಲಿ ಒತ್ತಡ ತಡೆದು ಬಿರುಕು ಬಿಡಬಹುದು. ನೀರು ತುಂಬಿದ ತೊಟ್ಟಿಯನ್ನು ಮುಂದೆ ಯಾವ ಕಾರಣಕ್ಕೂ ಎತ್ತಬಾರದು. ನೇರ ಬಿಸಿಲು ಬೀಳುವ ಕಿಟಕಿಯೂ ಬೇಡ, ಅಲ್ಲಿ ಪಾಚಿಯೇ ಬೆಳೆಯುತ್ತದೆ.

ಮಣ್ಣು, ಜಲ್ಲಿ, ಗಿಡ

ಅಂಗಡಿಯಲ್ಲಿ ಸಸ್ಯ ಅಕ್ವೇರಿಯಂಗೆಂದೇ ಮಾರುವ ಮಣ್ಣಿನ ಚೀಲಕ್ಕೆ ನಮ್ಮ ಪೂರ್ತಿ ಬಜೆಟ್ ಸಾಲದು. ಅಮೆರಿಕದ ಡಯಾನಾ ವಾಲ್‌ಸ್ಟಾಡ್ 1999ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಜನಪ್ರಿಯವಾದ ವಿಧಾನ ನಮಗೆ ಸರಿಹೊಂದುತ್ತದೆ: ಕೆಳಗೆ ಒಂದು ಅಂಗುಲ ಸಾಧಾರಣ ತೋಟದ ಮಣ್ಣು, ಅದರ ಮೇಲೆ ಮುಚ್ಚಿಗೆಯಾಗಿ ಜಲ್ಲಿ. ಮಣ್ಣು ಗಿಡಗಳಿಗೆ ಗೊಬ್ಬರ, ಜಲ್ಲಿ ಆ ಮಣ್ಣು ನೀರಿಗೆ ಕದಡದಂತೆ ತಡೆ.

ಶಾಲಾ ಆವರಣದ ಕೆಮ್ಮಣ್ಣನ್ನೇ ತೆಗೆದುಕೊಂಡೆ. ಸಗಣಿ ಗೊಬ್ಬರ ಅಥವಾ ಯೂರಿಯಾ ಹಾಕಿದ ಕೈತೋಟದ ಮಣ್ಣು ಬೇಡ, ಅದು ನೀರಿನಲ್ಲಿ ಅಮೋನಿಯ ಬಿಡುತ್ತದೆ. ಎರೆಮಣ್ಣು ಬಹಳ ನುಣುಪು, ಸ್ವಲ್ಪ ಕೈಯಾಡಿಸಿದರೂ ನೀರು ಕದಡುತ್ತದೆ. ಮಣ್ಣನ್ನು ಬಕೆಟ್‌ನಲ್ಲಿ ನೆನೆಸಿ, ತೇಲುವ ಕಸ ತೆಗೆದು, ನೀರು ಬಸಿದು, ಹಾಳೆಯ ಮೇಲೆ ಒಣಗಿಸಬೇಕು. ಹೀಗೆ ಮೂರು ಸಲ. ಕೊಳೆಯಬೇಕಾದದ್ದು ಬಹುಪಾಲು ಹೊರಗೇ ಕೊಳೆತು ಮುಗಿಯುತ್ತದೆ.

ಜಲ್ಲಿಗೆ ದುಡ್ಡು ಕೊಡಲಿಲ್ಲ. ಶೌಚಾಲಯ ಕಟ್ಟಿ ಉಳಿದ ಬೇಬಿ ಜಲ್ಲಿ ಒಂದು ಮೂಲೆಯಲ್ಲಿತ್ತು. ಜರಡಿ ಹಿಡಿದು ಸಣ್ಣದನ್ನು ಆರಿಸಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆದೆವು. ನನಗಂತೂ ಲೆಕ್ಕ ತಪ್ಪಿತು, ಮಕ್ಕಳು ಹದಿನಾಲ್ಕು ಸಲ ಎಂದರು. ಬಳಸುವ ಮುನ್ನ ಒಂದು ಹಿಡಿ ಜಲ್ಲಿಗೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿ ನೋಡಿ. ನೊರೆ ಬಂದರೆ ಸುಣ್ಣಕಲ್ಲಿದೆ ಎಂದರ್ಥ, ಅದು ನೀರಿನ ಗಡಸುತನವನ್ನು ಇನ್ನೂ ಏರಿಸುತ್ತದೆ. ನಮ್ಮದು ಗ್ರಾನೈಟ್, ನೊರೆ ಬರಲಿಲ್ಲ. ಕಾರ್ಬೊನೇಟ್‌ಗಳ ಮೇಲೆ ಆಮ್ಲದ ವರ್ತನೆ ಎಂಬ ಪಾಠಾಂಶಕ್ಕೆ ಪಕ್ಕದಲ್ಲೇ ಸೀಮೆಸುಣ್ಣ ಮತ್ತು ಮೊಟ್ಟೆಚಿಪ್ಪನ್ನೂ ಇಟ್ಟರೆ ಹೋಲಿಕೆ ಸಿಗುತ್ತದೆ. ಕೆಲವು ಸೀಮೆಸುಣ್ಣ ಜಿಪ್ಸಂ, ಅದು ನೊರೆಯುವುದಿಲ್ಲ. ಆಗ ಏಳುವ ಚರ್ಚೆಯೇ ಬೇರೆ.

ಗಿಡಗಳಲ್ಲಿ ನಾನು ಆರಿಸಿದ್ದು ಬಿ.ಎಸ್ಸಿ. ಸಸ್ಯಶಾಸ್ತ್ರದಲ್ಲಿ ನಮಗೆಲ್ಲ ಪರಿಚಯವಿರುವ ಹೈಡ್ರಿಲ್ಲ ಮತ್ತು ವ್ಯಾಲಿಸ್ನೇರಿಯ. ಹೈಡ್ರಿಲ್ಲ ಊರ ಕೆರೆಯಲ್ಲಿ ಬೇಕಾದಷ್ಟಿದೆ. ವ್ಯಾಲಿಸ್ನೇರಿಯವನ್ನು ತುಮಕೂರಿನ ಅಂಗಡಿಯಿಂದ 100 ರೂಪಾಯಿಗೆ ತಂದೆ. ಎರಡೂ ನಮ್ಮ ಕೊಳವೆಬಾವಿಯ ಗಡಸು ನೀರಿಗೆ ಹೇಳಿಸಿದಂಥವು. ಇಂಗಾಲದ ಡೈಆಕ್ಸೈಡ್ ಕಡಿಮೆಯಿದ್ದಾಗ ನೀರಿನ ಬೈಕಾರ್ಬೊನೇಟ್‌ನಿಂದಲೇ ಇಂಗಾಲ ಪಡೆಯಬಲ್ಲವು. ದುಬಾರಿ ಕೆಂಪು ಗಿಡಗಳ ಆಸೆ ಬೇಡ. ಅವಕ್ಕೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬೇಕಾಗುತ್ತದೆ. ಕೆರೆಯ ಗಿಡಗಳ ಜೊತೆ ಕೊಡತಿಹುಳುವಿನ ಮರಿ, ಜಿಗಣೆ ಬರುವುದುಂಟು. ಪೊಟ್ಯಾಸಿಯಂ ಪರ್ಮಾಂಗನೇಟ್‌ನ ತಿಳಿ ಗುಲಾಬಿ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ನೆಟ್ಟೆವು.

ನೆಡುವಾಗ ಕಾಲು ಭಾಗ ಮಾತ್ರ ನೀರಿರಲಿ. ಉಳಿದ ನೀರನ್ನು ಜಲ್ಲಿಯ ಮೇಲೊಂದು ತಟ್ಟೆಯಿಟ್ಟು ಅದರ ಮೇಲೆ ನಿಧಾನವಾಗಿ ಸುರಿಯಬೇಕು. ಗಿಡಗಳನ್ನು ಕಂಜೂಸಿ ಮಾಡದೆ ಮೊದಲ ದಿನವೇ ಒತ್ತಾಗಿ ನೆಡಿ. ಜಾಗ ಖಾಲಿ ಬಿಟ್ಟರೆ ಅದನ್ನು ಪಾಚಿ ತುಂಬುತ್ತದೆ.

ದೀಪಕ್ಕೆ 9 ವಾಟ್‌ನ ಬಿಳಿ ಎಲ್‌ಇಡಿ ಬಲ್ಬ್ ಸಾಕು. ಬೆಳಿಗ್ಗೆ 10ಕ್ಕೆ ಹಾಕಿ, ಸಂಜೆ ಗಂಟೆ ಹೊಡೆದಾಗ ಆರಿಸುವುದು. ಶಾಲೆಯ ವೇಳಾಪಟ್ಟಿಯೇ ಗಿಡಗಳಿಗೆ ಬೇಕಾದ ಆರೇಳು ಗಂಟೆಯ ಬೆಳಕು. ಸ್ಪಂಜ್ ಫಿಲ್ಟರ್ ಮತ್ತು ಗಾಳಿ ಪಂಪಿಗೆ 350 ರೂಪಾಯಿ ಕೊಟ್ಟೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ನೇತುಹಾಕಬೇಕು. ನಮ್ಮಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಪಂಪು ಕೆಳಗಿದ್ದರೆ ಪ್ರತಿ ಸಲವೂ ಕೊಳವೆಯ ಮೂಲಕ ನೀರು ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯುವ ಅಪಾಯವಿದೆ. ವೈರ್ ಕೂಡ ಪ್ಲಗ್‌ಗಿಂತ ಕೆಳಗೆ ಒಂದು ಬಳುಕು ಇಳಿದು ಮೇಲೇರಲಿ, ಹನಿ ಜಾರಿದರೆ ಅಲ್ಲೇ ನೆಲಕ್ಕೆ ಬೀಳುತ್ತದೆ.

ನೀರು

ನೀರು ತುಂಬುವ ದಿನ ಮಕ್ಕಳು ಕೊಟ್ಟ ಸಲಹೆ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಕ್ಯಾನ್ ತರೋಣ ಎಂದು. ‘ನಮಗೇ ಒಳ್ಳೇದು ಅಂದ್ಮೇಲೆ ಮೀನಿಗೂ ಒಳ್ಳೇದಲ್ವಾ?’ ತರ್ಕ ಸರಿಯಾಗಿದೆ. ಆದರೆ ಆ ಘಟಕದ ಆರ್‌ಒ ಪೊರೆ ಫ್ಲೋರೈಡ್ ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್‌ಗಳನ್ನೂ ಬಹುಪಾಲು ತೆಗೆದುಬಿಡುತ್ತದೆ. ಗಪ್ಪಿಯಂಥ ಮೀನುಗಳಿಗೆ, ಗಿಡಗಳಿಗೆ, ಬಸವನಹುಳುವಿನ ಚಿಪ್ಪಿಗೆ ಈ ಖನಿಜಗಳು ಬೇಕು. ಆದ್ದರಿಂದ ಕೊಳವೆಬಾವಿ ನೀರನ್ನೇ ತುಂಬಿದೆವು.

ಅದಕ್ಕೆ ಮುಂಚೆ ಪರೀಕ್ಷೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ. ಕೇಳಿದರೆ ಶಾಲೆಗೆ ತಂದು ಮಾಡಿ ತೋರಿಸುತ್ತಾರೆ. ಪಿಎಚ್, ಗಡಸುತನ, ಉಳಿಕೆ ಕ್ಲೋರಿನ್, ನೈಟ್ರೇಟ್ ಎಲ್ಲವನ್ನೂ ಅದರಲ್ಲೇ ನೋಡಿದೆವು, ಒಂದು ಪೈಸೆ ಖರ್ಚಿಲ್ಲದೆ. ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನದ ನೀರನ್ನು ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹೋಗುತ್ತದೆ. ಪಟ್ಟಣದ ಶಾಲೆಗಳಲ್ಲಿ ಕಾಯಲು ಆಗದಿದ್ದರೆ ರಸಾಯನಶಾಸ್ತ್ರದ ಕಪಾಟಿನ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಇದೆ. 1 ಮಿ.ಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿ.ಗ್ರಾಂ ಹೈಪೋ ಹರಳು ಎಂಬುದು ಸಮೀಕರಣದಿಂದ ಬರುವ ಲೆಕ್ಕ.

ಕಾಯುವ ಐದು ವಾರ

ಇಡೀ ಕೆಲಸದ ತಿರುಳು ಇಲ್ಲಿದೆ. ಮೀನಿನ ಕಿವಿರಿನಿಂದ ಅಮೋನಿಯ ಹೊರಬರುತ್ತಲೇ ಇರುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ. ಕೆರೆಯಲ್ಲಿ ಅದನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ, ಗಿಡಗಳು ಅಮೋನಿಯ ಮತ್ತು ನೈಟ್ರೇಟ್ ಎರಡನ್ನೂ ಹೀರುತ್ತವೆ. ಮೊದಲನೆಯದು ನೈಟ್ರೊಸೊಮೊನಾಸ್. ಎರಡನೆಯದನ್ನು ನಾವು ನೈಟ್ರೊಬ್ಯಾಕ್ಟರ್ ಎಂದು ಓದಿದ್ದೇವೆ. ಅಕ್ವೇರಿಯಂಗಳಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮಾಡುವುದು ನೈಟ್ರೊಸ್ಪೈರ ಎಂದು 1990ರ ದಶಕದ ಕೊನೆಯ ಸಂಶೋಧನೆಗಳು ತೋರಿಸಿದವು. ಈ ಬ್ಯಾಕ್ಟೀರಿಯಗಳು ನೀರಿನಲ್ಲಿ ತೇಲುವುದು ಕಡಿಮೆ. ಜಲ್ಲಿ, ಗಾಜು, ಎಲೆ, ಸ್ಪಂಜಿನ ಮೇಲೆ ಪೊರೆಯಂತೆ ಅಂಟಿಕೊಂಡಿರುತ್ತವೆ. ಬಹಳ ನಿಧಾನವಾಗಿ ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ದಿನವೇ ಹತ್ತು ಮೀನು ಬಿಟ್ಟರೆ ಅಮೋನಿಯ ಏರುತ್ತಾ ಹೋಗುತ್ತದೆ, ಕಿವಿರು ಸುಡುತ್ತದೆ. ಜಲ್ಲಿಯನ್ನು ಉಜ್ಜಿ ತೊಳೆದರೆ ಆಗಷ್ಟೇ ಕೂತಿದ್ದ ಬ್ಯಾಕ್ಟೀರಿಯವೂ ಹೋಗಿ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಹಳೆಯ ತೊಟ್ಟಿಯಲ್ಲಿ ಎರಡು ಸಲ ನಡೆದದ್ದು ಇದೇ.

ಗಡಸು ನೀರಿನ ನಮ್ಮ ಭಾಗದಲ್ಲಿ ಅಪಾಯ ಇನ್ನೂ ಒಂದು ಪಟ್ಟು ಹೆಚ್ಚು. ಅಮೋನಿಯಂ ಅಯಾನು ಅಷ್ಟು ವಿಷವಲ್ಲ, ಅಮೋನಿಯ ಅಣು ವಿಷ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ಒಟ್ಟಿನಲ್ಲಿ ಶೇಕಡಾ ಅರ್ಧದಷ್ಟು ಮಾತ್ರ ಅಣುರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇಕಡಾ 5.

ಹಾಗಾಗಿ ಮೀನಿಲ್ಲದೆಯೇ ಬ್ಯಾಕ್ಟೀರಿಯ ಬೆಳೆಸಬೇಕು. ಉತ್ಪತನ ಪ್ರಯೋಗಕ್ಕೆ ಇಟ್ಟಿರುವ ಅಮೋನಿಯಂ ಕ್ಲೋರೈಡ್ ಇದಕ್ಕೆ ಸಾಕು. ಲೀಟರಿಗೆ 2 ಮಿ.ಗ್ರಾಂ ಅಮೋನಿಯ ಬೇಕು, ನೀರು 30 ಲೀಟರ್, ಒಟ್ಟು 60 ಮಿ.ಗ್ರಾಂ. ಅಣುತೂಕಗಳು 17 ಮತ್ತು 53.5, ಆದ್ದರಿಂದ ಲವಣ ಸುಮಾರು 190 ಮಿ.ಗ್ರಾಂ. ಶಾಲೆಯ ತಕ್ಕಡಿಯಲ್ಲಿ ಇಷ್ಟು ಕಡಿಮೆ ತೂಗಲು ಆಗುವುದಿಲ್ಲ. 1.9 ಗ್ರಾಂ ತೂಗಿ 100 ಮಿ.ಲೀ. ನೀರಿನಲ್ಲಿ ಕರಗಿಸಿ, 10 ಮಿ.ಲೀ. ಅಳೆದು ಹಾಕಿದರೆ ಆಯಿತು. ದ್ರಾವಣವನ್ನು ದುರ್ಬಲಗೊಳಿಸುವುದು ಏಕೆ ಬೇಕು ಎಂದು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಸಿಕ್ಕಿಲ್ಲ. ರಾಸಾಯನಿಕ ಬೇಡವೆನ್ನುವವರು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಬಹುದು. ಅದರಲ್ಲಿ ಪ್ರಮಾಣ ಗೊತ್ತಾಗುವುದಿಲ್ಲ, ವಾಸನೆ ಗೊತ್ತಾಗುತ್ತದೆ.

ಅಮೋನಿಯ ಮತ್ತು ನೈಟ್ರೈಟ್ ಪರೀಕ್ಷೆಯ ಎರಡು ಕಿಟ್‌ಗಳಿಗೆ 750 ರೂಪಾಯಿ ಕೊಟ್ಟೆ. ಇಡೀ ಖರ್ಚಿನ ಐದರಲ್ಲಿ ಎರಡು ಪಾಲು ಇದಕ್ಕೇ ಹೋಯಿತು. ಇಲ್ಲಿ ಉಳಿತಾಯ ಮಾಡಬೇಡಿ ಎಂಬುದು ನನ್ನ ಸಲಹೆ. ಕಿಟ್ ಇಲ್ಲದಿದ್ದರೆ ಈ ಐದು ವಾರ ಬರಿಯ ನೀರು ನೋಡುತ್ತಾ ಕೂರುವುದಾಗುತ್ತದೆ. ಕಿಟ್ ಇದ್ದುದರಿಂದ ಅದು ನಮ್ಮ ಅತಿ ದೊಡ್ಡ ಪ್ರಯೋಗವಾಯಿತು. ಇಬ್ಬಿಬ್ಬರು ವಿದ್ಯಾರ್ಥಿಗಳು ದಿನ ಬಿಟ್ಟು ದಿನ ಅಳೆದು ಗೋಡೆಯ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಿದ್ದರು. ಮೊದಲ ವಾರ ಅಮೋನಿಯದ ಗೆರೆ ಹೆಚ್ಚುಕಡಿಮೆ ಸಮತಟ್ಟು. ಒಂಬತ್ತನೇ ದಿನ ನೈಟ್ರೈಟ್‌ನ ಮೊದಲ ನೇರಳೆ ಛಾಯೆ. ಹದಿನೈದನೇ ದಿನ ಅಮೋನಿಯ ಹತ್ತಿರ ಹತ್ತಿರ ಸೊನ್ನೆ, ನೈಟ್ರೈಟ್ ಮಾತ್ರ ಬಣ್ಣದ ಪಟ್ಟಿಯ ತುದಿ ಮುಟ್ಟಿತ್ತು. ಆಮೇಲೆ ಅಮೋನಿಯ ಇಳಿದಾಗಲೆಲ್ಲ ಮತ್ತೆ 10 ಮಿ.ಲೀ. ಹಾಕುತ್ತಿದ್ದೆವು, ಇಲ್ಲದಿದ್ದರೆ ಬ್ಯಾಕ್ಟೀರಿಯಕ್ಕೆ ಉಪವಾಸ. ಮೂವತ್ತನಾಲ್ಕನೇ ದಿನ, ಹಿಂದಿನ ದಿನ ಹಾಕಿದ ಅಮೋನಿಯ 24 ಗಂಟೆಯಲ್ಲಿ ಪೂರ್ತಿ ಮಾಯವಾಗಿತ್ತು, ನೈಟ್ರೈಟ್ ಕೂಡ ಸೊನ್ನೆ. ತೊಟ್ಟಿ ಸಿದ್ಧವಾಯಿತು ಎನ್ನುವುದಕ್ಕೆ ಇದೇ ಸೂಚನೆ. ನಿಮ್ಮಲ್ಲಿ ನಾಲ್ಕು ವಾರವಾಗಬಹುದು, ಆರೂ ಆಗಬಹುದು. ಚಳಿಗಾಲದಲ್ಲಿ ಇನ್ನೂ ನಿಧಾನ.

ಈ ನಡುವೆ ಕೇಳಿಬಂದ ಒಂದು ಪ್ರಶ್ನೆ: “ಮೇಡಂ, ನೀರು ತಿಳಿಯಾಗೇ ಐತಲ್ಲ, ವಿಷ ಎಲ್ಲೈತೆ?” ಹದಿನೈದನೇ ದಿನದ ನೀರು ನಿಜಕ್ಕೂ ಗಾಜಿನಂತಿತ್ತು, ನೈಟ್ರೈಟ್ ಮಾತ್ರ ಮೀನಿನ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದಂತೆ ಮಾಡುವಷ್ಟಿತ್ತು. ನಾನು ಉತ್ತರ ಹೇಳುವ ಮೊದಲೇ ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಅಜ್ಜನ ಹಲ್ಲು, ಬಾಗಿದ ಮಂಡಿಯ ವಿಷಯ ತೆಗೆದ. ಜಿಲ್ಲೆಯ ಪಾವಗಡ, ಶಿರಾ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಇಲ್ಲಿಯ ಮಕ್ಕಳಿಗೆ ಮನೆಯ ಮಾತು. ಆ ನೀರೂ ತಿಳಿಯಾಗಿಯೇ ಇರುತ್ತದೆ. ‘ಶುದ್ಧ’ ಎಂಬ ಪದಕ್ಕೆ ಕಣ್ಣಿನ ಸಾಕ್ಷಿ ಸಾಲದು ಎಂದು ತಿಳಿಸಲು ನಾನು ಬೇರೆ ಪಾಠಯೋಜನೆ ಬರೆದಿದ್ದೆ, ಅದರ ಅಗತ್ಯ ಬೀಳಲಿಲ್ಲ.

ಇನ್ನೊಂದು ಲೆಕ್ಕವೂ ಸಿಕ್ಕಿತು. 2 ಮಿ.ಗ್ರಾಂ ಅಮೋನಿಯ ಪೂರ್ತಿ ನೈಟ್ರೇಟ್ ಆದರೆ 7.3 ಮಿ.ಗ್ರಾಂ ಆಗಬೇಕು. ನಾಲ್ಕು ಸಲ ಹಾಕಿದ್ದೆವು, ಅಲ್ಲಿಗೆ 29. ಕೊಳವೆಬಾವಿ ನೀರಿನಲ್ಲೇ ಮೊದಲು 10 ಇತ್ತು. ಅಂದರೆ 39ರ ಹತ್ತಿರ ಬರಬೇಕಿತ್ತು. ಪಂಚಾಯಿತಿ ಕಿಟ್ ತೋರಿಸಿದ್ದು 20ರ ಆಸುಪಾಸು. ಬಣ್ಣ ಹೋಲಿಸಿ ಓದುವ ಕಿಟ್ ಆದ್ದರಿಂದ ಅಂಕಿ ಅಂದಾಜಿನದು, ಆದರೂ ಇಷ್ಟು ವ್ಯತ್ಯಾಸ ಕಿಟ್‌ನದೊಂದೇ ಇರಲಾರದು. ಉಳಿದ ಸಾರಜನಕ ಎಲ್ಲಿ ಹೋಯಿತು? ಮಕ್ಕಳು ವ್ಯಾಲಿಸ್ನೇರಿಯದ ಕಡೆ ಕೈ ತೋರಿಸಿದರು. ಐದು ಗಿಡ ನೆಟ್ಟದ್ದು ಅಷ್ಟು ಹೊತ್ತಿಗೆ ಹನ್ನೆರಡಾಗಿತ್ತು. ಮಣ್ಣಿನ ಆಳದಲ್ಲಿ ಆಮ್ಲಜನಕವಿಲ್ಲದ ಕಡೆ ಸ್ವಲ್ಪ ನೈಟ್ರೇಟ್ ಅನಿಲ ಸಾರಜನಕವಾಗಿಯೂ ಹೋಗಿರಬಹುದು ಎಂದು ಸೇರಿಸಿದೆ. ಎಂಟನೇ ತರಗತಿಯ ಸಾರಜನಕ ಚಕ್ರದ ಚಿತ್ರದಲ್ಲಿರುವ ಬಾಣಗಳಲ್ಲಿ ಮುಖ್ಯವಾದವೆಲ್ಲ ಈ ಒಂದು ತೊಟ್ಟಿಯಲ್ಲಿ ಇದ್ದವು.

ಮೂರನೇ ವಾರ ನೀರು ಹಸಿರಾಯಿತು. ಎಲ್ಲ ಚೆಲ್ಲಿ ತೊಳೆಯೋಣ ಎಂದು ಇಡೀ ತರಗತಿ ಒಮ್ಮತಕ್ಕೆ ಬಂತು. ಚೆಲ್ಲಲಿಲ್ಲ. ದೀಪದ ಅವಧಿಯನ್ನು ಎರಡು ಗಂಟೆ ಕಡಿಮೆ ಮಾಡಿ, ಕೆರೆಯಿಂದ ಇನ್ನೊಂದು ಹಿಡಿ ಹೈಡ್ರಿಲ್ಲ ತಂದು ತೇಲಬಿಟ್ಟೆವು. ಹತ್ತು ದಿನದಲ್ಲಿ ತಿಳಿಯಾಯಿತು. ಪಠ್ಯಪುಸ್ತಕದ ಪ್ರಶ್ನೆಗೆ ಮಕ್ಕಳು ಒಂದು ಸಾಲಿಗಿಂತ ಹೆಚ್ಚು ಬರೆದದ್ದು ಇದಾದ ಮೇಲೆ.

ತಂದೆ ಮತ್ತು ಮಗ

ಪ್ರೀಸ್ಟ್ಲಿಯ ಇಲಿ ಮತ್ತು ಪುದೀನದ ಪ್ರಯೋಗವನ್ನು ನಾವೆಲ್ಲ ಪಾಠ ಮಾಡುತ್ತೇವೆ. ನೀರಿನಲ್ಲಿ ಅದಕ್ಕೆ ಸಮನಾದ ಪ್ರಯೋಗ ಮಾಡಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1850ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅವನು ಹನ್ನೆರಡು ಗ್ಯಾಲನ್‌ನ ಗಾಜಿನ ಪಾತ್ರೆಯಲ್ಲಿ ಮಣ್ಣು, ಮರಳು ಹಾಕಿ, ಎರಡು ಗೋಲ್ಡ್‌ಫಿಶ್ ಬಿಟ್ಟು, ಒಂದು ಗಿಡ ನೆಟ್ಟ. ಆ ಗಿಡ ನಮ್ಮದೇ ವ್ಯಾಲಿಸ್ನೇರಿಯ. ಸ್ವಲ್ಪ ದಿನಕ್ಕೆ ಕೊಳೆತ ಎಲೆಗಳಿಂದ ನೀರು ಕೆಟ್ಟಿತು. ಆಗ ಕೆಲವು ಬಸವನಹುಳುಗಳನ್ನು ಬಿಟ್ಟ, ಅವು ಕೊಳೆತದ್ದನ್ನು ತಿಂದು ಪಾತ್ರೆಯನ್ನು ಉಳಿಸಿದವು. ನಮ್ಮ ತೊಟ್ಟಿಗೂ ಹೈಡ್ರಿಲ್ಲದ ಜೊತೆ ಕರೆಯದೆ ಬಂದ ಬಸವನಹುಳುಗಳಿದ್ದವು. ತೆಗೆದುಹಾಕಲು ಹೊರಟ ವಿದ್ಯಾರ್ಥಿಗೆ ಈ ಕಥೆ ಹೇಳಿದೆ.

ವಾರಿಂಗ್ಟನ್‌ಗೆ ಬ್ಯಾಕ್ಟೀರಿಯದ ಪಾತ್ರ ಗೊತ್ತಿರಲಿಲ್ಲ, ಅಂದು ಯಾರಿಗೂ ಗೊತ್ತಿರಲಿಲ್ಲ. ಅದೇ ಹೆಸರಿನ ಅವನ ಮಗ ಮುಂದೆ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಾ, ಮಣ್ಣಿನಲ್ಲಿ ಅಮೋನಿಯ ನೈಟ್ರೇಟ್ ಆಗುವುದು ಎರಡು ಹಂತಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ಎಂದು ತೋರಿಸಿದ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದ್ದು 1890ರ ಸುಮಾರಿಗೆ ಸೆರ್ಗೈ ವಿನೊಗ್ರಾಡ್‌ಸ್ಕಿ. ಅಪ್ಪನ ಪಾತ್ರೆಯಲ್ಲಿ ನಡೆಯುತ್ತಿದ್ದದ್ದು ಏನು ಎಂದು ತಿಳಿಯಲು ನಲವತ್ತು ವರ್ಷ ಹಿಡಿಯಿತು. ಐದು ವಾರ ಕಾಯಲು ತಕರಾರು ತೆಗೆದವರಿಗೆ ಇದನ್ನು ಹೇಳಬಹುದು.

ಮೀನು ಬಂದ ಮೇಲೆ

ನಾನು ತಂದದ್ದು ಆರು ಗಂಡು ಗಪ್ಪಿ, ತಲಾ 20 ರೂಪಾಯಿ. ಮೊದಲು ಮೂರು, ಒಂದು ವಾರದ ನಂತರ ಇನ್ನು ಮೂರು. ಗಂಡುಗಳೇ ಏಕೆಂದರೆ ಗಪ್ಪಿ ಮರಿ ಹಾಕುವ ಮೀನು, ನಾಲ್ಕು ವಾರಕ್ಕೊಂದು ಸಲ. ಹೆಣ್ಣು ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. 30 ಲೀಟರ್ ಆರು ತಿಂಗಳಲ್ಲಿ ತುಂಬಿಹೋಗುತ್ತದೆ. ಹೆಚ್ಚಾದದ್ದನ್ನು ಕೆರೆಗೆ ಬಿಡೋಣ ಎಂಬ ಮಾತು ಆಗ ಬಂದೇ ಬರುತ್ತದೆ. ಗಪ್ಪಿ ದಕ್ಷಿಣ ಅಮೆರಿಕದ ಮೀನು, ನಮ್ಮ ಕೆರೆಗಳ ಸ್ಥಳೀಯ ಸಣ್ಣ ಮೀನುಗಳ ಆಹಾರಕ್ಕೆ ಪಾಲುದಾರ. ತೊಟ್ಟಿಯ ಗಿಡವನ್ನಾಗಲಿ ಮೀನನ್ನಾಗಲಿ ಕೆರೆಗೆ, ಕಾಲುವೆಗೆ ಬಿಡಬಾರದು. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆ ಗಪ್ಪಿ ಮತ್ತು ಗ್ಯಾಂಬೂಸಿಯ ಸಾಕುವುದುಂಟು, ವಿಚಾರಿಸಿದರೆ ಉಚಿತವಾಗಿ ಸಿಗಬಹುದು. ಗ್ಯಾಂಬೂಸಿಯ ಬೇಡ, ಅದು ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ. ಗೋಲ್ಡ್‌ಫಿಶ್ ಈ ಅಳತೆಗೆ ಸಲ್ಲದು, ಅಂಗೈಯಷ್ಟು ಬೆಳೆಯುತ್ತದೆ.

ತಂದ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಟ್ಟು, ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಸೇರಿಸಿ, ಮೀನನ್ನು ಬಲೆಯಲ್ಲಿ ಎತ್ತಿ ಬಿಡಬೇಕು. ಅಂಗಡಿಯ ನೀರು ತೊಟ್ಟಿಗೆ ಬೀಳಬಾರದು.

ಶಾಲೆಯಲ್ಲಿ ಮೀನಿಗೆ ಅತಿ ದೊಡ್ಡ ಅಪಾಯ ಹಸಿವಲ್ಲ, ಪ್ರೀತಿ. ನಲವತ್ತು ಮಕ್ಕಳು ಒಂದೊಂದು ಚಿಟಿಕೆ ಹಾಕಿದರೆ ಮುಗಿಯಿತು. ಪ್ರತಿ ಶನಿವಾರ ಮುಂದಿನ ವಾರಕ್ಕೆ ಆರು ಸಣ್ಣ ಪೊಟ್ಟಣ ಕಟ್ಟಿ ಬೆಂಕಿಪೆಟ್ಟಿಗೆಯಲ್ಲಿಡುತ್ತೇವೆ, ಒಂದು ಪೊಟ್ಟಣದಲ್ಲಿ ಮೀನುಗಳು ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಡಬ್ಬಿ ಮುಖ್ಯ ಶಿಕ್ಷಕರ ಬೀರುವಿನಲ್ಲಿ. ಭಾನುವಾರ ಊಟವಿಲ್ಲ. ವಾರಕ್ಕೊಮ್ಮೆ 6 ಲೀಟರ್ ನೀರು ತೆಗೆದು, ಅದೇ ತೆಗೆದ ನೀರಿನಲ್ಲಿ ಸ್ಪಂಜನ್ನು ಹಿಂಡಿ, ಒಂದು ದಿನ ಇಟ್ಟ ಹೊಸ ನೀರು ತುಂಬುವುದು. ನಲ್ಲಿಯ ಕೆಳಗೆ ಸ್ಪಂಜ್ ತೊಳೆಯುವುದಿಲ್ಲ. ತೆಗೆದ ನೀರು ನುಗ್ಗೆ ಗಿಡಕ್ಕೆ.

ಪಾಠಕ್ಕೆ ಬೇಕಾದದ್ದು ಆಮೇಲೆ ತಾನಾಗಿಯೇ ಒದಗುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಹೈಡ್ರಿಲ್ಲದ ತುದಿಯಿಂದ ಗುಳ್ಳೆಗಳ ಸರ ಏಳುತ್ತದೆ. ಬೆಳಿಗ್ಗೆ 7.5 ಇದ್ದ ಪಿಎಚ್ ಸಂಜೆ 8 ಮುಟ್ಟುತ್ತದೆ. ಗಿಡಗಳು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡದ್ದೇ ಅದಕ್ಕೆ ಕಾರಣ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನಗಿಂತ ಮೊದಲು ಹೇಳಿದಳು. ವ್ಯಾಲಿಸ್ನೇರಿಯದ ಎಲೆಯ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಹರಿತ್ತಿನ ಕಣಗಳು ಕೋಶದೊಳಗೆ ಸುತ್ತುವುದು ಕಾಣುತ್ತದೆ.

ಬಿಟ್ಟು ಬರುವುದು

ತೊಟ್ಟಿಗೆ ಅನುಮತಿ ಕೇಳಿದ ದಿನ ಮಾರ್ಗದರ್ಶಕ ಶಿಕ್ಷಕಿ, “ನೋಡಮ್ಮ, ನೀನು ಹೋದ್ಮೇಲೆ ಇದನ್ನ ನೋಡ್ಕೊಳ್ಳೋರು ಯಾರು? ಅದನ್ನ ಮೊದ್ಲು ಹೇಳು, ಆಮೇಲೆ ಮೀನು ತಗೊಂಡ್ ಬಾ” ಎಂದಿದ್ದರು. ನಮ್ಮ ಬಹುತೇಕ ಕಲಿಕೋಪಕರಣಗಳನ್ನು ಇಂಟರ್ನ್‌ಶಿಪ್ ಮುಗಿದ ದಿನ ಸುರುಳಿ ಸುತ್ತಿ ಕಾಲೇಜಿಗೆ ತರುತ್ತೇವೆ. ಇದನ್ನು ಹಾಗೆ ತರಲಾಗದು. ಉತ್ತರ ಸಿಗದಿದ್ದರೆ ಗಿಡ, ಬಸವನಹುಳುಗಳಷ್ಟಕ್ಕೇ ನಿಲ್ಲಿಸುವುದೆಂದು ಒಪ್ಪಿಕೊಂಡಿದ್ದೆ. ಮೀನಿಲ್ಲದೆಯೂ ಮೇಲಿನ ಪಾಠಗಳಲ್ಲಿ ಹೆಚ್ಚಿನವು ನಡೆಯುತ್ತವೆ, ಹಾಗಾಗಿ ಅದು ಸೋಲೇನೂ ಅಲ್ಲ. ಎಂಟು ವಾರಗಳ ಇಂಟರ್ನ್‌ಶಿಪ್ ಮಾತ್ರ ಇರುವವರು ಅಲ್ಲಿಗೇ ನಿಲ್ಲಿಸುವುದು ಮೇಲೆಂದು ನನಗನಿಸುತ್ತದೆ.

ದಸರಾ ರಜೆ ನನ್ನ ಹದಿಮೂರನೇ ವಾರಕ್ಕೆ ಬಂತು. ದೊಡ್ಡ ಗಪ್ಪಿಗಳು ಗಿಡ ತುಂಬಿದ ತೊಟ್ಟಿಯಲ್ಲಿ ಒಂದು ವಾರ ಊಟವಿಲ್ಲದೆ ಇರಬಲ್ಲವು, ಅದಕ್ಕಿಂತ ಹೆಚ್ಚು ದಿನ ನಂಬಿ ಕೂರಬಾರದು. ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರ ಮನೆ ಶಾಲೆಯ ಹಿಂದೆಯೇ ಇದೆ. ರಜೆಯಲ್ಲಿ ಎರಡು ದಿನಕ್ಕೊಮ್ಮೆ ಒಂದು ಪೊಟ್ಟಣ, ಒಂದು ಚೊಂಬು ನೀರು ಎಂದು ಅವರು ಒಪ್ಪಿಕೊಂಡರು. ರಜೆ ಮುಗಿಸಿ ಬಂದಾಗ ಆರೂ ಮೀನು ಇದ್ದವು, ಪೊಟ್ಟಣಗಳ ಲೆಕ್ಕವೂ ಸರಿಯಿತ್ತು. ದೀಪ ಮಾತ್ರ ಹತ್ತಿರಲಿಲ್ಲ, ಕಿಟಕಿಯ ಬೆಳಕು ಸಾಕಾಗಿತ್ತು.

ಕೆಲಸದ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದೇವೆ. ಕಿಟ್‌ನಲ್ಲಿ ಇನ್ನೂ ಸುಮಾರು ಇಪ್ಪತ್ತು ಪರೀಕ್ಷೆಗಾಗುವಷ್ಟು ದ್ರಾವಣ ಉಳಿದಿದೆ. ಮೀನು ಮಂಕಾಗಿ ಕಂಡರೆ ಮೊದಲು ಅಮೋನಿಯ ನೋಡಬೇಕು, 0.5 ದಾಟಿದ್ದರೆ ಆ ದಿನ ಊಟ ನಿಲ್ಲಿಸಿ ಅರ್ಧ ನೀರು ಬದಲಿಸಬೇಕು ಎಂಬ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ತೊಟ್ಟಿ ಕಟ್ಟಿದವರಲ್ಲಿ ಹೆಚ್ಚಿನವರು ಹತ್ತನೆಯವರು, ಪರೀಕ್ಷೆ ಮುಗಿಸಿ ಮಾರ್ಚ್‌ಗೆ ಹೊರಡುತ್ತಾರೆ. ಆದ್ದರಿಂದ ಗ್ರಾಫ್ ಹಾಳೆ, ಬೆಂಕಿಪೆಟ್ಟಿಗೆ ಎರಡನ್ನೂ ಎಂಟನೇ ತರಗತಿಗೆ ಒಪ್ಪಿಸಿದೆವು. ಅವರಿಗೆ ಈ ಶಾಲೆ ಇನ್ನೂ ಎರಡು ವರ್ಷ ಇದೆ.